ನಮ್ಮ ಸೈಫೈ ಸಿನಿಮಾ: ಭಾನುವಾರದೊಳಗೆ ಅಭಿಪ್ರಾಯ ಕಳಿಸಿ

ಎಲ್ಲರಿಗೂ ನಮಸ್ಕಾರ. ಸಿನಿಮಾದ ರಫ್ ಕಟ್ (ಇನ್ನೂ ಪೂರ್ತಿಯಾಗದ ಮೊದಲ ಎಡಿಟ್) ನೋಡಿದವರೆಲ್ಲ ಭಾನುವಾರ ರಾತ್ರಿಯೊಳಗೆ ಅಭಿಪ್ರಾಯ ಕಳಿಸಿ. ಸೋಮವಾರ ಎಡಿಟಿಂಗ್ ಮತ್ತೆ ಶುರು, ಆಮೇಲೆ ಬಂದದ್ದನ್ನು ಸೇರಿಸೋದು ಕಷ್ಟ.

"ಚೆನ್ನಾಗಿದೆ", "ಬೋರು" ಅಂತ ಸುಮ್ನೆ ಹಾಕಬೇಡಿ. ಎಷ್ಟನೇ ನಿಮಿಷದಲ್ಲಿ ಗಮನ ತಪ್ಪಿತು, ಕಥೆ ಎಲ್ಲಿ ಅರ್ಥವಾಗಲಿಲ್ಲ ಅಂತ ಬರೆಯಿರಿ. ಜಾಸ್ತಿ ಬೇಕಾಗಿರೋದು ಸೌಂಡ್ ಬಗ್ಗೆ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ಸಹಿಸುತ್ತಾರೆ, ಮಾತೇ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ, ಅದಕ್ಕೆ ಫೋನ್ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ. ಗ್ರೀನ್ ಸ್ಕ್ರೀನ್ (ಹಸಿರು ಪರದೆ ಮುಂದೆ ತೆಗೆದು ಹಿನ್ನೆಲೆ ಬದಲಿಸಿದ) ದೃಶ್ಯಗಳಲ್ಲಿ ಕೂದಲಂಚಿಗೆ ಹಸಿರು ಅಂಟಿರೋದು ಗೊತ್ತು, ಅದನ್ನು ಮತ್ತೆ ಹೇಳಬೇಕಿಲ್ಲ!

ದುಡ್ಡು ಕಡಿಮೆ ಅಂತ ರಿಯಾಯಿತಿಯೂ ಬೇಡ. 2004ರ ಸೈಫೈ ಸಿನಿಮಾ 'ಪ್ರೈಮರ್' ಸುಮಾರು 7,000 ಡಾಲರ್‌ನಲ್ಲಿ ಮುಗಿದು ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಜ್ಯೂರಿ ಬಹುಮಾನ ಗೆದ್ದಿತು, ಅದರಲ್ಲಿ ರಾಕೆಟ್ಟೂ ಇಲ್ಲ, ಲೇಸರ್ ಗನ್ನೂ ಇಲ್ಲ ಅಲ್ವಾ?

ನಟಿಸಿದವರ ಬಗ್ಗೆ ಖಾರವಾಗಿ ಹೇಳೋದಿದ್ದರೆ ಗುಂಪಿನಲ್ಲಿ ಬೇಡ, ನನಗೆ ನೇರವಾಗಿ ಕಳಿಸಿ. ಲಿಂಕ್ ಹೊರಗಿನವರಿಗೆ ಕೊಡಬೇಡಿ. ನೋಡಿ ಆದವರು ಈಗಲೇ "ನೋಡಿದೆ" ಅಂತ ಹಾಕಿ, ಲಿಂಕ್ ಸಿಗದವರೂ ಇಲ್ಲೇ ತಿಳಿಸಿ.