ಎಲ್ಲ ಕಾಲೇಜುಗಳಿಗೂ ಒಂದೇ ಡ್ರಾ ಯಾಕೆ?

ಸಂಪಾದಕರೇ,

ನಮ್ಮ ವಿಶ್ವವಿದ್ಯಾಲಯಗಳ ಅಂತರ ಕಾಲೇಜು ಪಂದ್ಯಗಳಲ್ಲಿ ಸಾಮಾನ್ಯವಾಗಿ ತಂಡಗಳನ್ನು ಹಂಚುವುದು ಊರು ನೋಡಿ, ಅಂದರೆ ವಲಯ ನೋಡಿ. ಆಮೇಲೆ ಚೀಟಿ ಎತ್ತಿ ನಾಕ್‌ಔಟ್. ಹಾಸ್ಟೆಲ್, ಊಟ, ಫೀಸು ಎಲ್ಲ ಮಾಫಿ ಮಾಡಿ, ಊರೂರು ಹುಡುಕಿ ಆಟಗಾರರನ್ನು ತಂದು, ವರ್ಷವಿಡೀ ಮ್ಯಾಟ್ ಮೇಲೆ ತಯಾರು ಮಾಡುವ ಖಾಸಗಿ ಕಾಲೇಜಿಗೂ, ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಬಿದ್ದು ಇತಿಹಾಸದ ಮೇಷ್ಟ್ರೇ ತಂಡ ಕರೆದುಕೊಂಡು ಬರುವ ತಾಲ್ಲೂಕಿನ ಸರ್ಕಾರಿ ಕಾಲೇಜಿಗೂ ಮೊದಲ ಸುತ್ತಿನಲ್ಲೇ ಮುಖಾಮುಖಿ. ಬೆಳಗಿನ ಜಾವದ ಬಸ್ಸು ಹಿಡಿದು ಬಂದ ಕಬಡ್ಡಿ ಹುಡುಗಿಯರು ಮೂರ್ನಾಲ್ಕು ಸಲ ಆಲ್‌ಔಟ್ ಆಗಿ ಊಟದ ಹೊತ್ತಿಗೆ ವಾಪಸ್ ಹೊರಡುತ್ತಾರೆ. ಅವರ ವರ್ಷದ ಆಟ ಅಲ್ಲಿಗೆ ಮುಗೀತು. ಕ್ರೀಡಾ ಶುಲ್ಕ ಮಾತ್ರ ಅವರೂ ಕಟ್ಟಿರುತ್ತಾರೆ!

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಇದೆ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ 1973ರಲ್ಲೇ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದವರಲ್ಲೂ ಎಷ್ಟೋ ಜನ ಇದು ಯುರೋಪಿನ ಫುಟ್‌ಬಾಲ್ ಲೀಗ್ ಥರ, ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ ಅಂದುಕೊಂಡಿದ್ದಾರೆ. ಹಾಗಲ್ಲ. ಒಂದೂ ಪಂದ್ಯ ಗೆಲ್ಲದ ತಂಡವೂ ಒಂದನೇ ಡಿವಿಷನ್‌ನಲ್ಲೇ ಉಳಿಯುತ್ತದೆ. ಅಲ್ಲಿ ಮುಖ್ಯವಾಗಿ ನೋಡುವುದು ಕಾಲೇಜು ಆಟಕ್ಕೆ ಎಷ್ಟು ಖರ್ಚು ಮಾಡಲು ತಯಾರಿದೆ ಅನ್ನುವುದನ್ನು. ಒಂದನೇ ಡಿವಿಷನ್ ಬೇಕಾದರೆ ಕನಿಷ್ಠ 14 ತಂಡ ನಡೆಸಬೇಕು, ಎರಡಕ್ಕೆ 10. ಮೂರರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಆದರೂ ಜಾಸ್ತಿ ಕಾಲೇಜುಗಳಿರುವುದು ಆ ಮೂರನೆಯದರಲ್ಲೇ, 400ಕ್ಕೂ ಹೆಚ್ಚು. ಎಂಐಟಿ ಅಲ್ಲಿದೆ. ಷಿಕಾಗೊ ವಿಶ್ವವಿದ್ಯಾಲಯವೂ ಅಲ್ಲಿದೆ. ಒಂದು ಕಾಲಕ್ಕೆ ಅದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ದೇಶದಲ್ಲೇ ಹೆಸರಿತ್ತು, 1939ರಲ್ಲಿ ಸಾಕಪ್ಪಾ ಅಂತ ಕೈಬಿಟ್ಟರು. ಇವರನ್ನು ಯಾರಾದರೂ ಮೂರನೇ ದರ್ಜೆ ಅಂತಾರಾ?

ಇನ್ನೊಂದು ಚೆಂದದ ಸಂಗತಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ್ದು. ಉಳಿದ ಆಟಗಳೆಲ್ಲ ಮೂರನೇ ಡಿವಿಷನ್‌ನಲ್ಲಿ, ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಲಕ್ರೋಸ್ ಆಟ ಮಾತ್ರ ಒಂದನೆಯದರಲ್ಲಿ. ಹಳೇ ವಿನಾಯಿತಿ ಅದು. ನಮ್ಮಲ್ಲೂ ಖೋ ಖೋ ಒಂದರಲ್ಲೇ ಗಟ್ಟಿ ಇರುವ ಸಣ್ಣ ಕಾಲೇಜುಗಳು ಇವೆ ಅಲ್ವಾ, ಅವಕ್ಕೆ ಇಂಥ ಬಾಗಿಲು ತೆರೆದಿಡಬಹುದು.

ಹಾಗಂತ ಅವರದ್ದೆಲ್ಲ ಸರಿ ಅಂತ ಹೇಳುತ್ತಿಲ್ಲ. ಮೆರಿಮ್ಯಾಕ್ ಅನ್ನುವ ಕಾಲೇಜು 2019ರಲ್ಲಿ ಎರಡರಿಂದ ಒಂದನೇ ಡಿವಿಷನ್‌ಗೆ ಬಂತು. ಹೀಗೆ ಮೇಲೆ ಬಂದವರು ಆಗಿನ ನಿಯಮದ ಪ್ರಕಾರ ನಾಲ್ಕು ವರ್ಷ ಕಾಯಬೇಕಿತ್ತು. 2023ರಲ್ಲಿ ಅದು ತನ್ನ ಗುಂಪಿನ ಬಾಸ್ಕೆಟ್‌ಬಾಲ್ ಟೂರ್ನಿಯ ಫೈನಲ್ ಗೆದ್ದರೂ ರಾಷ್ಟ್ರೀಯ ಟೂರ್ನಿಗೆ ಹೋಗುವಂತಿರಲಿಲ್ಲ. ಅವರೆದುರು ಒಂದೇ ಪಾಯಿಂಟಿನಿಂದ ಸೋತ ಫೇರ್ಲಿ ಡಿಕಿನ್ಸನ್ ವಿಶ್ವವಿದ್ಯಾಲಯ ಹೋಯಿತು, ಹೋಗಿ ಬಲಿಷ್ಠ ಪರ್ಡ್ಯೂ ತಂಡವನ್ನೇ ಮನೆಗೆ ಕಳಿಸಿತು! ಮೆರಿಮ್ಯಾಕ್ ಹುಡುಗರಿಗೆ ಅದನ್ನು ನೋಡಿ ಹೇಗಾಗಿರಬೇಡ. ಅಂಥ ನಿಯಮ ನಮಗೆ ಬೇಡ.

ನಮಗೆ ಬೇಕಾಗಿರುವುದು ಇಷ್ಟೇ. ಆಟಗಾರರಿಗೆ ಫೀಸು, ಹಾಸ್ಟೆಲ್ ರಿಯಾಯಿತಿ ಕೊಡುವ ಕಾಲೇಜುಗಳು ಎ ವಿಭಾಗದಲ್ಲಿ, ಕೊಡದವು ಬಿ ವಿಭಾಗದಲ್ಲಿ. ಬಿ ವಿಭಾಗದಲ್ಲಿ ಲೀಗ್ ಆಡಿಸಿ, ಪ್ರತಿ ತಂಡಕ್ಕೂ ಮೂರು ನಾಲ್ಕು ಪಂದ್ಯವಾದರೂ ಸಿಗಲಿ. ಅಲ್ಲಿ ಫೈನಲ್ ಮುಟ್ಟಿದ ಎರಡೂ ತಂಡಗಳಿಗೆ ಎ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಜಾಗ ಕೊಡಿ. ವಿಭಾಗ ಮಾಡಿದರೆ ಸಣ್ಣ ಕಾಲೇಜಿನ ಒಳ್ಳೇ ಆಟಗಾರರು ಆಯ್ಕೆದಾರರ ಕಣ್ಣಿಗೆ ಬೀಳುವುದಿಲ್ಲ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುವ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಮಾತಿನಲ್ಲಿ ತೂಕ ಇದೆ. ಆದರೆ ಈಗ ಒಂದೇ ಪಂದ್ಯದಲ್ಲಿ, ಅದೂ ಏಕಪಕ್ಷೀಯವಾಗಿ ಸೋಲುವ ತಂಡದ ರೈಡರ್‌ನಲ್ಲಿ ಆಯ್ಕೆದಾರರು ಏನು ನೋಡುತ್ತಾರೆ? ನಾಲ್ಕು ಪಂದ್ಯ ಆಡಿದರೆ ತಾನೇ ಆಟ ಕಾಣುವುದು. ಆಯ್ಕೆದಾರರು ಬಿ ವಿಭಾಗಕ್ಕೂ ಬಂದು ಕೂರಬೇಕು, ಅಷ್ಟೇ.

ಕಾಲೇಜುಗಳು ಸುಳ್ಳು ಹೇಳಿ ಬಿ ವಿಭಾಗಕ್ಕೆ ನುಗ್ಗಿದರೆ ಅನ್ನುವ ಅನುಮಾನವೂ ಬರಬಹುದು. ಅಡ್ಮಿಷನ್ ಸಮಯದಲ್ಲಿ ‘ಕ್ರೀಡಾಪಟುಗಳಿಗೆ ಉಚಿತ ಸೀಟು’ ಅಂತ ಅವರೇ ಹಾಕಿಸುವ ಜಾಹೀರಾತು, ಫ್ಲೆಕ್ಸುಗಳನ್ನು ಎತ್ತಿಟ್ಟುಕೊಂಡರೆ ಸಾಕು.

– ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಹಾಸನ ಜಿಲ್ಲೆ