ಹಂಚಿನ ಮನೆಗೆ ಕೋಣೆ ಸೇರಿಸುವ ಮೊದಲು ಮಾಡಿನ ಲೆಕ್ಕ ಹಾಕಿ

ಮಾನ್ಯರೇ,

ಕರಾವಳಿಯ ಹಳೆಯ ಹಂಚಿನ ಮನೆಗಳಿಗೆ ಹೊಸ ಕೋಣೆ ಸೇರಿಸುವ ಕೆಲಸ ಈಗ ಊರೂರಲ್ಲಿ ನಡೆದಿದೆ. ವಯಸ್ಸಾದವರಿಗೆ ಮನೆಯೊಳಗೇ ಬಚ್ಚಲು ಬೇಕು, ಮಕ್ಕಳಿಗೆ ಓದಲು ಜಾಗ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಸಿಮೆಂಟ್ ಬ್ಲಾಕಿನ ಕೋಣೆ ಅಂಟಿಸಿ, ಮೇಲೆ ಚಪ್ಪಟೆ ಸ್ಲ್ಯಾಬ್ ಹಾಕಿದರೆ ಅಂದ ಕೆಡುವುದಷ್ಟೇ ಅಲ್ಲ, ಹಳೆಯ ಮಾಡೂ (ಇಳಿಜಾರು ಚಾವಣಿಯೂ) ಹಾಳಾಗುತ್ತದೆ. ಇಳಿಜಾರಿನಲ್ಲಿ ಬಂದ ನೀರು ಸ್ಲ್ಯಾಬಿನ ಅಂಚಿಗೆ ಬಡಿದು ನಿಂತು, ಮೊದಲು ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ತುದಿಯನ್ನು, ಆಮೇಲೆ ಗೋಡೆಯನ್ನು ಕೊಳೆಸುತ್ತದೆ.

ಮೊದಲು ತೀರ್ಮಾನವಾಗಬೇಕಾದದ್ದು ಮಾಡು. ಕೋಣೆಯ ಅಳತೆ ಆಮೇಲಿನದು. ಮಂಗಳೂರು ಹಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು. ಅಂದರೆ ಒಂದು ಅಡಿ ಮುಂದೆ ಹೋದರೆ ಏಳು ಇಂಚು ಕೆಳಗೆ. 8 ಅಡಿ ಎತ್ತರದ ಸೂರಿನಿಂದ ಅದೇ ಮಾಡನ್ನು 10 ಅಡಿ ಮುಂದುವರಿಸಿದರೆ ಹೊಸ ಗೋಡೆಗೆ ಉಳಿಯುವ ಎತ್ತರ ಎರಡು ಅಡಿ ಚಿಲ್ಲರೆ! ಇದನ್ನು ತಪ್ಪಿಸಲು ಕೆಲವರು ಇಳಿಜಾರನ್ನೇ 15 ಡಿಗ್ರಿಗೆ ತಗ್ಗಿಸುತ್ತಾರೆ. ಆಷಾಢದ ಗಾಳಿಮಳೆ ನೀರನ್ನು ಹಂಚಿನ ಜೋಡಣೆಯೊಳಗೆ ಮೇಲ್ಮುಖವಾಗಿ ತಳ್ಳುವುದರಿಂದ ಮೊದಲ ಮಳೆಗಾಲದಲ್ಲೇ ಸೋರಿಕೆ ಶುರು. ಪಂಚಾಂಗ (ಅಡಿಪಾಯ) ಎತ್ತರವಿರುವ ಮನೆಯಲ್ಲಿ ನೆಲವನ್ನು ಒಂದೂವರೆ ಅಡಿ ತಗ್ಗಿಸಿ, 4 ಅಡಿ ಅಗಲದ ಬಚ್ಚಲನ್ನು ಅದೇ ಮಾಡಿನ ಕೆಳಗೆ ಕೂರಿಸಬಹುದು. ಅದಕ್ಕಿಂತ ದೊಡ್ಡದು ಬೇಕಿದ್ದರೆ ಹಳೆಯ ಮಾಡಿಗೆ ಅಡ್ಡಲಾಗಿ, ಎರಡೂ ಬದಿಗೆ ಇಳಿಯುವ ಪ್ರತ್ಯೇಕ ಮಾಡೇ ದಾರಿ. 12 ಅಡಿ ಅಗಲದ ಕೋಣೆಗೆ ಅದರ ನೆತ್ತಿ ಗೋಡೆಗಿಂತ ಮೂರೂವರೆ ಅಡಿ ಮೇಲೆ ಬರುತ್ತದೆ. ಈ ನೆತ್ತಿ ಹಳೆಯ ಮನೆಯ ನೆತ್ತಿಗಿಂತ ಒಂದು ಅಡಿಯಾದರೂ ಕೆಳಗಿರಲಿ. ಆಗ ಹಳೆಯ ಮನೆ ದೊಡ್ಡದಾಗಿಯೇ ಕಾಣುತ್ತದೆ, ಹೊಸದು ಅದರ ಮಗುವಿನಂತೆ ಪಕ್ಕದಲ್ಲಿ ನಿಲ್ಲುತ್ತದೆ.

ಎರಡು ಮಾಡು ಕೂಡುವ ಒಳಮೂಲೆಯೇ ಇಡೀ ಕೆಲಸದ ದುರ್ಬಲ ಜಾಗ. ಅಲ್ಲಿ ಹಂಚಿನ ಕೆಳಗೆ ಒಂದೂವರೆ ಅಡಿಗೆ ಕಡಿಮೆಯಿಲ್ಲದ ಅಗಲದ ತಗಡನ್ನು ಮಡಚಿ ಹಾಸಬೇಕು. ಕತ್ತರಿಸಿದ ಹಂಚು ಎರಡೂ ಕಡೆ ಕನಿಷ್ಠ 4 ಇಂಚು ಅದರ ಮೇಲೆ ಬಂದು, ನಡುವೆ ಕೈ ಹಾಕಿ ಎಲೆ ತೆಗೆಯುವಷ್ಟು ದಾರಿ ತೆರೆದಿರಬೇಕು. ಆ ದಾರಿಯನ್ನು ಸಿಮೆಂಟಿನಿಂದ ಮುಚ್ಚಿದರೆ ಬಿಸಿಲಿಗೆ ಸಿಮೆಂಟ್ ಬಿರುಕು ಬಿಡುತ್ತದೆ, ಹಲಸಿನೆಲೆ ಕಟ್ಟಿಕೊಂಡು ನೀರು ಒಳಗೆ ತಿರುಗುತ್ತದೆ.

ಪಂಚಾಂಗ ತೋಡುವಾಗ ಹಳೆಯ ಗೋಡೆಯ ಬುಡಕ್ಕಿಂತ ಆಳಕ್ಕೆ ಹೋಗಬೇಡಿ. ಗೋಡೆಯುದ್ದಕ್ಕೂ ಒಮ್ಮೆಲೇ ತೋಡದೆ ಮೂರು–ನಾಲ್ಕು ಅಡಿಯಂತೆ ತೋಡಿ, ಕಟ್ಟಿ, ಮುಂದೆ ಸಾಗಿ. ಹೊಸ ಗೋಡೆಯ ಕಲ್ಲನ್ನು ಹಳೆಯದರೊಳಗೆ ಕಚ್ಚಿಸಿ ಕಟ್ಟುವುದು ಬೇಡ. ಹೊಸ ಪಂಚಾಂಗ ಒಂದೆರಡು ಮಳೆಗಾಲ ಕೂರುತ್ತದೆ, ಹಳೆಯದು ಕದಲುವುದಿಲ್ಲ; ಕಚ್ಚಿಸಿದಲ್ಲಿ ಓರೆಯಾಗಿ ಬಿರುಕು ಖಚಿತ. ನಡುವೆ ಒಂದು ಇಂಚು ಸಂದು ಬಿಟ್ಟು, ಮೃದುವಾದ ಹಲಗೆ ತುಂಬಿ, ಹೊರಗಿನಿಂದ ಒಂದೇ ಬದಿಗೆ ಮೊಳೆ ಹೊಡೆದ ಮರದ ಪಟ್ಟಿಯಿಂದ ಮುಚ್ಚಿದರೆ ಸಾಕು.

ಯಂತ್ರದಲ್ಲಿ ಕೊಯ್ದ ಮುರಕಲ್ಲಿನ ಮೈ ಗರಗಸದ ಗೆರೆಗಳಷ್ಟೇ ಇದ್ದು ನುಣುಪಾಗಿರುತ್ತದೆ, ಹಳೆಯದರಲ್ಲಿ ಕೈಯಲ್ಲಿ ಕೆತ್ತಿದ ಗುರುತುಗಳಿರುತ್ತವೆ. ಗಾರೆ ಹಚ್ಚದ ಗೋಡೆಯಾದರೆ ಮುಂಬದಿಯ ಕಲ್ಲನ್ನಾದರೂ ಕೆತ್ತಿಸಿ, ಹಳೆಯ ಕಲ್ಲಿನ ವರಸೆಯ (ಸಾಲಿನ) ಎತ್ತರಕ್ಕೆ ಹೊಂದಿಸಿ. ಸುಣ್ಣದ ಗಾರೆಯ ಹಳೆಯ ಗೋಡೆಯನ್ನು ಹೊಸದರ ಜೊತೆ ಸೇರಿಸಿ ಸಿಮೆಂಟ್ ಬಳಿಯುವುದು ದೊಡ್ಡ ತಪ್ಪು. ಗೋಡೆಯೊಳಗಿನ ತೇವ ಹೊರಬರಲಾಗದೆ ಗಾರೆ ಹಾಳೆ ಹಾಳೆಯಾಗಿ ಉದುರುತ್ತದೆ.

ಹಂಚಿನ ಲೆಕ್ಕ: ಚದರ ಮೀಟರಿಗೆ ಸುಮಾರು 15. ಸೂರೂ ಸೇರಿ ಮಾಡು 15×17 ಅಡಿ ನೆಲವನ್ನು ಆವರಿಸಿದರೆ, ಇಳಿಜಾರಿನ ಮೇಲಿನ ಅಳತೆ ಹೆಚ್ಚುಕಡಿಮೆ 295 ಚದರ ಅಡಿ. 410 ಹಂಚು, ಒಡೆಯುವುದಕ್ಕೆಂದು ಇನ್ನೊಂದು 40. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮ ಮುಂದೆ ಹಲವು ಕಾರ್ಖಾನೆಗಳಿಗೆ ಹಬ್ಬಿತು. ಒಂದರ ಹಂಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದು ಅಪರೂಪ. ಆದ್ದರಿಂದ ರೀಪು (ಹಂಚು ಕೂರುವ ಅಡ್ಡ ಮರದ ಪಟ್ಟಿ) ಹೊಡೆಯುವ ಮೊದಲೇ ತಂದ ಹಂಚನ್ನು ನೆಲದಲ್ಲಿ ಜೋಡಿಸಿ ಅಂತರ ಅಳೆಯಿರಿ. ಬಣ್ಣ ಹೊಂದಬೇಕಿದ್ದರೆ, ಹಳೆಯ ಮನೆಯ ಹಿಂಬದಿಯ ಹಂಚನ್ನು ಇಳಿಸಿ ಹೊಸ ಕೋಣೆಯ ಮುಂಬದಿಗೆ ಹಾಕಿ, ಹೊಸ ಹಂಚನ್ನು ಹಿಂದಕ್ಕೆ ಕೊಡುವುದು ಪೇಂಟಿಗಿಂತ ಎಷ್ಟೋ ಮೇಲು. ಹಿಂಬದಿಯ ರೀಪನ್ನು ಹೊಸ ಅಳತೆಗೆ ಮತ್ತೆ ಹೊಡೆಯಬೇಕಾದೀತು, ಆ ಖರ್ಚು ಗಮನದಲ್ಲಿರಲಿ. ಇನ್ನು ಕಿಟಕಿಯ ಮೇಲಂಚು ಹಳೆಯ ಕಿಟಕಿಗಳ ಸಾಲಿಗೇ ಬರಲಿ. ಅಗಲದ ಅಲ್ಯೂಮಿನಿಯಂ ಕಿಟಕಿ ಒಂದರ ಬದಲು ಕಿರಿದಾದ ಎರಡು ಇಡಿ.

ಇಷ್ಟೆಲ್ಲ ಎಡವಟ್ಟಾಗಲು ಮುಖ್ಯ ಕಾರಣ, ಬಹುಪಾಲು ಜನ ನೆಲದ ನಕ್ಷೆಯೊಂದನ್ನೇ ಬರೆಸಿ ಕೆಲಸ ಶುರುಮಾಡುವುದು. ಹಳೆಯ ಮಾಡು, ಹೊಸ ಮಾಡು ಎಲ್ಲಿ, ಯಾವ ಎತ್ತರದಲ್ಲಿ ಕೂಡುತ್ತವೆಂದು ಅದರಲ್ಲಿ ಕಾಣುವುದೇ ಇಲ್ಲ. ಹಂಚಿನ ಮನೆಯ ವಿಸ್ತರಣೆಗೆ ಅನುಮತಿ ಕೇಳಿ ಬಂದವರಿಂದ ಎರಡೂ ಮಾಡುಗಳನ್ನು ಕತ್ತರಿಸಿ ತೋರಿಸುವ ಅಡ್ಡಛೇದದ ನಕ್ಷೆಯನ್ನು ಗ್ರಾಮ ಪಂಚಾಯಿತಿ, ಪುರಸಭೆಗಳು ಕಡ್ಡಾಯವಾಗಿ ಕೇಳಲಿ. ಅಲ್ಲಿಯವರೆಗೆ ಮನೆಯವರೇ ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ಅದನ್ನು ಬರೆಸಿಕೊಳ್ಳಲಿ.

– ಹಂಚಿನ ಮನೆಗಳ ದುರಸ್ತಿ ಕೆಲಸದಲ್ಲಿರುವ ಓದುಗ, ಕುಂದಾಪುರ ತಾಲ್ಲೂಕು