ಮಿಡಲ್‌ಟನ್ ನಿಲ್ದಾಣ: ರೈಲು ನಿಂತರೂ ನೆಲ ಕೈಬಿಡಲಿಲ್ಲ

ಮಾನ್ಯ ಸಂಪಾದಕರೇ,

ವಿದೇಶದ ರೈಲು ಎಂದೊಡನೆ ನಮ್ಮ ಪತ್ರಿಕೆಗಳಲ್ಲಿ ಜಪಾನಿನ ಬುಲೆಟ್ ರೈಲೋ ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲೋ ಕಾಣಿಸಿಕೊಳ್ಳುತ್ತದೆ. ವೃತ್ತಿಯ ಬಹುಕಾಲವನ್ನು ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿ ಕಳೆದ ನನಗೆ, ಮಗಳ ಮನೆಗೆಂದು ಐರ್ಲೆಂಡಿಗೆ ಹೋಗಿದ್ದಾಗ ಕಂಡ ಮಿಡಲ್‌ಟನ್ ಎಂಬ ಪುಟ್ಟ ಪಟ್ಟಣದ ನಿಲ್ದಾಣ ಅವೆರಡಕ್ಕಿಂತಲೂ ಹೆಚ್ಚು ಮನಸ್ಸಿಗೆ ಹತ್ತಿರವಾಯಿತು. ನಲವತ್ತಾರು ವರ್ಷ ದಿನನಿತ್ಯದ ಪ್ರಯಾಣಿಕರ ಗಾಡಿಯಿಲ್ಲದೆ ಬಿದ್ದಿದ್ದು ಮತ್ತೆ ಜೀವ ಪಡೆದ ನಿಲ್ದಾಣ ಅದು.

ಕಾರ್ಕ್ ನಗರದ ಪೂರ್ವಕ್ಕಿರುವ ಈ ಪಟ್ಟಣಕ್ಕೆ ಕಾರ್ಕ್ ಆಂಡ್ ಯಾಲ್ ರೈಲ್ವೆ ಕಂಪನಿಯ ಮೊದಲ ಗಾಡಿ ಬಂದದ್ದು 1859ರ ನವೆಂಬರಿನಲ್ಲಿ. ಮರುವರ್ಷವೇ ಹಳಿ ಮುಂದುವರಿದು ಕಡಲ ತೀರದ ಯಾಲ್ ಊರನ್ನು ಮುಟ್ಟಿತು. 1862ರಲ್ಲಿ ಇದೇ ಮಾರ್ಗದಿಂದ ಕವಲೊಡೆದ ಇನ್ನೊಂದು ಹಳಿ ಕೋವ್ ಬಂದರಿಗೆ ಹೋಯಿತು. ಟೈಟಾನಿಕ್ ಹಡಗು 1912ರಲ್ಲಿ ಕೊನೆಯದಾಗಿ ಲಂಗರು ಹಾಕಿದ್ದು ಆ ಬಂದರಿನ ಹೊರಗೇ, ಆಗ ಅದಕ್ಕೆ ಕ್ವೀನ್ಸ್‌ಟೌನ್ ಎಂದು ಹೆಸರು. ಮೂಲ ಕಂಪನಿ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. 1866ರಲ್ಲಿ ಗ್ರೇಟ್ ಸದರ್ನ್ ಆಂಡ್ ವೆಸ್ಟರ್ನ್ ರೈಲ್ವೆ ಅದನ್ನು ಕೊಂಡುಕೊಂಡಿತು.

ಕಾರು ಬಸ್ಸುಗಳ ಪೈಪೋಟಿಯಲ್ಲಿ ನಷ್ಟದ ಲೆಕ್ಕ ಹಾಕಿ ಐರ್ಲೆಂಡಿನಾದ್ಯಂತ ಕವಲು ಮಾರ್ಗಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿ, ಅಂದರೆ 1963ರ ಫೆಬ್ರವರಿಯಲ್ಲಿ, ಇಲ್ಲಿಯೂ ದಿನನಿತ್ಯದ ಪ್ರಯಾಣಿಕರ ಸೇವೆ ನಿಂತಿತು. ಬೇಸಿಗೆಯ ಭಾನುವಾರಗಳಂದು ಯಾಲ್‌ನ ಕಡಲ ತೀರಕ್ಕೆ ಹೋಗುವವರ ವಿಶೇಷ ಗಾಡಿಗಳು ಮತ್ತು ಸರಕು ಗಾಡಿಗಳು ಇನ್ನೂ ಕೆಲವು ವರ್ಷ ಓಡಿ, ಕೊನೆಗೆ ಅವೂ ಇಲ್ಲವಾದವು. ಹಳಿಯ ಮೇಲೆ ಮುಳ್ಳುಪೊದೆ ಬೆಳೆಯಿತು. ಆದರೆ ಸರ್ಕಾರಿ ಸಾರಿಗೆ ಸಂಸ್ಥೆ ಆ ನೆಲವನ್ನು ಮಾತ್ರ ತುಂಡು ತುಂಡಾಗಿ ಮಾರಿಕೊಳ್ಳಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದೇ ಈ ಒಂದು ಸಂಗತಿಗಾಗಿ. ಕಾರ್ಕ್ ಪ್ರದೇಶದ ಬೆಳವಣಿಗೆಗೆಂದು 2001ರಲ್ಲಿ ಸಿದ್ಧವಾದ ಯೋಜನೆಯು ಹೊಸ ಮನೆಗಳು ರೈಲು ಮಾರ್ಗದ ಆಸುಪಾಸಿನಲ್ಲೇ ಬರಲಿ ಎಂದು ಹೇಳಿದಾಗ, ಹೊಸ ಮಾರ್ಗಕ್ಕೆ ಜಮೀನು ಹುಡುಕುವ, ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವ ಪ್ರಮೇಯ ಬರಲಿಲ್ಲ. ಪೊದೆ ಕಡಿದು, ತುಕ್ಕು ಹಿಡಿದ ಹಳಿ ಕಿತ್ತು, ಹೊಸದನ್ನು ಹಾಸಿದರು. ಗ್ಲೌಂಥಾನ್ ಜಂಕ್ಷನ್ನಿನಿಂದ ಮಿಡಲ್‌ಟನ್‌ವರೆಗಿನ ಸುಮಾರು 10 ಕಿ.ಮೀ. ಮಾರ್ಗಕ್ಕೆ ಸುಮಾರು 7.5 ಕೋಟಿ ಯೂರೋ ವೆಚ್ಚವಾಗಿ, 2009ರ ಜುಲೈ 30ರಂದು ಗಾಡಿ ಮತ್ತೆ ಬಂತು. ನಡುವಿನ ಕ್ಯಾರಿಗ್‌ಟೂಹಿಲ್‌ಗೂ ಅದರ ನಿಲ್ದಾಣ ಮರಳಿ ಸಿಕ್ಕಿತು.

ಇಂದಿನ ಸೇವೆಯಲ್ಲಿ ಆಡಂಬರವೇನಿಲ್ಲ. ಡೀಸೆಲ್ ರೈಲ್‌ಕಾರುಗಳು ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ, ಉಳಿದ ಹೊತ್ತಿನಲ್ಲಿ ಗಂಟೆಗೊಮ್ಮೆಯಂತೆ ಹೊರಟು ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಕಾರ್ಕ್‌ನ ಕೆಂಟ್ ನಿಲ್ದಾಣ ಸೇರುತ್ತವೆ. ಡಬ್ಲಿನ್‌ಗೆ ಹೋಗುವವರು ಅಲ್ಲಿ ಗಾಡಿ ಬದಲಿಸಿದರಾಯಿತು. (1916ರಲ್ಲಿ ಬ್ರಿಟಿಷರು ಗುಂಡಿಕ್ಕಿ ಕೊಂದ ಥಾಮಸ್ ಕೆಂಟ್ ಅವರ ಹೆಸರನ್ನು ಆ ನಿಲ್ದಾಣಕ್ಕೆ 1966ರಲ್ಲಿ ಇಟ್ಟರು.) ಹಳಿಗಳ ನಡುವಿನ ಅಂತರ ನಮ್ಮ ಬ್ರಾಡ್‌ಗೇಜಿನ 1,676 ಮಿ.ಮೀ.ಗಿಂತ ತುಸು ಕಡಿಮೆ, 1,600 ಮಿ.ಮೀ. ಎಂಬುದನ್ನು ಹಳೆಯ ಅಭ್ಯಾಸಬಲದಿಂದ ಮೊದಲ ದಿನವೇ ಕೇಳಿ ತಿಳಿದುಕೊಂಡೆ. ನಾಮಫಲಕದಲ್ಲಿ ಇಂಗ್ಲಿಷಿನ ಜೊತೆಗೆ ಐರಿಷ್ ಹೆಸರೂ ಇದೆ: ಮಾನಿಶ್ಟಿರ್ ನಾ ಕೊರನ್, ಅಂದರೆ ಒಡ್ಡಿನ ಬಳಿಯ ಮಠ. ದಿನಬಳಕೆಯಲ್ಲಿ ಹಿಂದೆ ಬಿದ್ದ ತಮ್ಮ ನುಡಿಯನ್ನು ಫಲಕದಲ್ಲಿ ಅವರು ಬಿಟ್ಟುಕೊಟ್ಟಿಲ್ಲವೆಂಬುದು ಕನ್ನಡಿಗನಾದ ನನಗೆ ತುಂಬಾ ಹಿಡಿಸಿತು.

ಮತ್ತೆ ತೆರೆದಾಗ ಬಹುಪಾಲು ಒಂಟಿ ಹಳಿಯನ್ನಷ್ಟೇ ಹಾಸಿದ್ದು ದೂರದೃಷ್ಟಿಯ ಕೊರತೆಯೆಂದು ನನ್ನ ಅನಿಸಿಕೆ. ಎದುರಿನ ಗಾಡಿ ದಾಟುವವರೆಗೆ ಕಾಯಬೇಕಾದ ಮಾರ್ಗದಲ್ಲಿ ಗಾಡಿಗಳ ಸಂಖ್ಯೆ ಹೆಚ್ಚಿಸುವುದು ಎಷ್ಟು ಕಷ್ಟವೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ಈಗ ಯುರೋಪಿಯನ್ ಒಕ್ಕೂಟದ ನೆರವಿನಿಂದ ಜೋಡಿ ಹಳಿಯ ಕಾಮಗಾರಿ ಕೈಗೊಂಡಿದ್ದಾರೆ. ಮುಂದೆ ಹತ್ತು ನಿಮಿಷಕ್ಕೊಂದು ಗಾಡಿ ಓಡಿಸುವುದು ಅವರ ಗುರಿ.

ಯಾಲ್‌ಗೆ ಮಾತ್ರ ರೈಲು ಮರಳಲಿಲ್ಲ. ಮಿಡಲ್‌ಟನ್‌ನಿಂದ ಆಚೆಗಿನ 23 ಕಿ.ಮೀ. ಹಳಿ ಕಿತ್ತು, ಆ ಜಾಡನ್ನು ನಡೆಯುವವರಿಗೆ ಮತ್ತು ಸೈಕಲ್ ತುಳಿಯುವವರಿಗೆ ಹಸಿರು ಹಾದಿಯಾಗಿ ಮಾಡಿದ್ದಾರೆ. ಹಾದಿ ಚೆನ್ನಾಗಿದೆ, ಮಕ್ಕಳು ಮುದುಕರು ನಿರ್ಭಯವಾಗಿ ಓಡಾಡುತ್ತಾರೆ. ಆದರೂ ಹಳಿಯಿದ್ದ ಜಾಗದಲ್ಲಿ ಡಾಂಬರು ಕಂಡಾಗ ನನಗೆ ಸಂಕಟವಾದದ್ದು ನಿಜ. ಅಲ್ಲಿ ಮನೆಯೋ ಮಳಿಗೆಯೋ ಏಳದೆ ಜಾಡು ಜಾಡಾಗಿಯೇ ಉಳಿದಿದೆ ಎಂಬುದಷ್ಟೇ ಸಮಾಧಾನ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟೇಷನ್ ಮಾಸ್ಟರ್, ಹಾಸನ